ಅಣ್ಣಿಗೇರಿ ಹತ್ತಿರ ಚೈನ್ ತೊಳೆದುಕೊಟ್ಟ ಕಾಕಾ ಅವರಿಗೆ

ಕಳೆದ ವಾರ ಗದಗದಿಂದ ಹುಬ್ಬಳ್ಳಿಗೆ ಬೈಕಿನಲ್ಲಿ ಬರುತ್ತಿದ್ದೆ. ಹಿಂದಿನ ದಿನ ಹೊಲದ ದಾರಿಯಲ್ಲಿ ಓಡಾಡಿ, ಎರೆಮಣ್ಣು ಚೈನಿಗೆಲ್ಲ ಮೆತ್ತಿ ಒಣಗಿತ್ತು. ಅಣ್ಣಿಗೇರಿ ದಾಟುವಷ್ಟರಲ್ಲಿ ಕರಕರ ಸದ್ದು ಜಾಸ್ತಿಯಾಯಿತು. ಚಹಾದಂಗಡಿ ಮುಂದೆ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟೇ, ತಿರುಗುವ ಚೈನಿಗೆ ಬಟ್ಟೆ ಹಿಡಿಯಲು ಹೋದೆ. ದಡ್ಡತನ, ಅಲ್ವಾ?

"ಏ ತಮ್ಮಾ, ಮೊದ್ಲ ಗಾಡಿ ಬಂದ್ ಮಾಡು! ಬೆರಳು ಹೋದ್ರ ತಿರುಗಿ ಬರೂದಿಲ್ಲ" ಎಂದು ಕೂಗಿದವರು ನೀವು.

ನಿಮ್ಮ ಟ್ರ್ಯಾಕ್ಟರಿನಿಂದ ಸೀಮೆಎಣ್ಣೆ, ಹಳೆ ಬ್ರಷ್, 90 ನಂಬರ್ ಗೇರ್ ಆಯಿಲ್ ತಂದಿರಿ. ಡಬಲ್ ಸ್ಟ್ಯಾಂಡ್ ಹಾಕಿಸಿ, ನ್ಯೂಟ್ರಲ್‌ನಲ್ಲಿ ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸುತ್ತಾ ಉಜ್ಜಿದಿರಿ. ಪೆಟ್ರೋಲ್ ಸುರಿಯೋಣವೇ ಅಂದೆ. ಬೇಡ, ಕೊಂಡಿಗಳ ನಡುವಿನ ರಬ್ಬರ್ ರಿಂಗ್ ಹಾಳಾಗುತ್ತವೆ, ಒಳಗಿನ ಗ್ರೀಸ್ ಹೋಗುತ್ತದೆ ಎಂದಿರಿ. ಒಣಬಟ್ಟೆಯಿಂದ ಒರೆಸಿದ ಮೇಲೆಯೇ ಎಣ್ಣೆ. ಅದೂ ಚೈನಿನ ಒಳಬದಿಗೆ, ಹನಿ ಹನಿಯಾಗಿ. ಗಾಲಿ ತಿರುಗಿದಂತೆ ಎಣ್ಣೆ ತಾನೇ ಹೊರಗಡೆ ಹರಡುತ್ತದೆ. ನಾನು ಇಷ್ಟು ವರ್ಷ ಸುಮ್ನೆ ಮೇಲಿಂದ ಸುರಿದು ಪ್ಯಾಂಟು ಹೊಲಸು ಮಾಡಿಕೊಂಡಿದ್ದೇ ಬಂತು. ಹೆಚ್ಚಾದ ಎಣ್ಣೆಯನ್ನೂ ಒರೆಸಿದಿರಿ, ಇಲ್ಲದಿದ್ದರೆ ಧೂಳು ಅಂಟುತ್ತದಲ್ಲ.

500 ಕಿ.ಮೀ.ಗೊಮ್ಮೆ ಇಷ್ಟು ಮಾಡು, ಮಳೆಯಲ್ಲಿ ನೆನೆದರೆ ಅವತ್ತೇ ಮಾಡು ಎಂದಿರಿ.

ರೊಕ್ಕ ಕೊಡಲು ಹೋದರೆ ಚಹಾ ಸಾಕು ಅಂದಿರಿ. ಆ ಚಹಾದ ರೊಕ್ಕವನ್ನೂ ನೀವೇ ಕೊಟ್ಟು ಹೋಗಿದ್ದು ಆಮೇಲೆ ಗೊತ್ತಾಯಿತು. ನಾನು ಹೆಸರೂ ಕೇಳಲಿಲ್ಲ. ಧನ್ಯವಾದ, ಕಾಕಾ. ಅದೇ ಅಂಗಡಿಯಲ್ಲಿ ನಿಮ್ಮ ಲೆಕ್ಕಕ್ಕೆ ಒಂದು ಪ್ಲೇಟ್ ಮಿರ್ಚಿ, ಎರಡು ಚಹಾದ ರೊಕ್ಕ ಕೊಟ್ಟಿಟ್ಟಿದ್ದೇನೆ.