ಹೊಸ ಕಾರ್ ಶೆಡ್ ಸೋರುತ್ತಿದೆ, ಪೈಪ್ ತೂಕಕ್ಕಿಲ್ಲ

ತೀರ್ಥಹಳ್ಳಿ ತಾಲೂಕು
ಜೂನ್ 26

ಫ್ಯಾಬ್ರಿಕೇಷನ್ ಅಂಗಡಿ ಮಾಲೀಕರಿಗೆ,

ವಿಷಯ: ನಮ್ಮ ಮನೆಗೆ ನೀವು ಹಾಕಿಕೊಟ್ಟ ಕಾರ್ ಶೆಡ್ ಸರಿಪಡಿಸುವ ಬಗ್ಗೆ.

ಮಾನ್ಯರೇ,

ಏಪ್ರಿಲ್‌ನಲ್ಲಿ ನೀವೇ ಬಂದು ಅಳತೆ ತೆಗೆದುಕೊಂಡು ಹೋಗಿದ್ದಿರಿ. ಮನೆಯ ತೆಂಕು ಗೋಡೆಗೆ ತಾಗಿದಂತೆ 12 ಅಡಿ ಅಗಲ, 20 ಅಡಿ ಉದ್ದದ ಶೆಡ್, ಕೆಳಗೆ ಕಾಂಕ್ರೀಟ್, ಮುಂದೆ ಶಟರ್. ಎಲ್ಲ ಸೇರಿ 2,60,000 ರೂಪಾಯಿ ಅಂತ ಮಾತಾಯಿತು. 2,20,000 ಕೊಟ್ಟಾಗಿದೆ.

ಮೊದಲು ಆ ಜಾಗದಲ್ಲಿ ಅಪ್ಪ ಕಟ್ಟಿದ ಚಪ್ಪರ ಇತ್ತು. ಅಡಿಕೆ ದಬ್ಬೆ, ಮೇಲೆ ಸೋಗೆ. ಪ್ರತಿ ವರ್ಷ ಸೋಗೆ ಹೊದೆಸುವ ರಗಳೆ ತಪ್ಪಲಿ ಅಂತಲೇ ನಿಮ್ಮನ್ನು ಕರೆದದ್ದು. ಆರಿದ್ರಾ ಮಳೆ ಶುರುವಾದ ಎರಡನೇ ದಿನಕ್ಕೇ ಕಾರಿನ ಬಾನೆಟ್ ಮೇಲೆ ಬಕೆಟ್ ಇಡಬೇಕಾಯಿತು. ಫೋನ್ ಮಾಡಿದರೆ ನಿಮ್ಮ ಹುಡುಗ, "ಈ ಸಲ ಮಳೆ ಜಾಸ್ತಿ ಅಲ್ವಾ ಮೇಡಂ" ಅಂದ. ಆಗುಂಬೆ ಇರುವುದು ನಮ್ಮ ತಾಲೂಕಿನಲ್ಲೇ. ಇಲ್ಲಿ ಮಳೆ ಯಾವಾಗ ಕಮ್ಮಿ ಇತ್ತು?

ಮಳೆ ಬಿಟ್ಟಾಗ ಏಣಿ ಹಾಕಿ ನಾನೇ ಹತ್ತಿ ನೋಡಿದೆ. ಸ್ಕ್ರೂಗಳನ್ನು ಶೀಟಿನ ಉಬ್ಬಿನ ಮೇಲೆ ಹೊಡೆದಿಲ್ಲ, ನೀರು ಹರಿಯುವ ತಗ್ಗಿನಲ್ಲೇ ಹೊಡೆದಿದ್ದಾರೆ. ಕೆಲವಕ್ಕೆ ರಬ್ಬರ್ ವಾಷರ್ ಇಲ್ಲವೇ ಇಲ್ಲ. ಇರುವ ಕಡೆಯೂ ಸ್ಕ್ರೂ ಓರೆಯಾಗಿ ಕೂತು ವಾಷರಿನ ಒಂದು ಬದಿ ಎದ್ದಿದೆ. ಇನ್ನು ಮನೆಯ ಹೆಂಚಿನ ಮಾಡಿನ ನೀರೆಲ್ಲ ನೇರ ಬೀಳುವುದು ಶೀಟು ಮತ್ತು ಗೋಡೆ ಸೇರುವ ಸಂದಿಗೆ. ಅಲ್ಲಿ ತಗಡಿನ ಪಟ್ಟಿ ಕೂರಿಸಬೇಕಿತ್ತು. ಬರೀ ಸಿಮೆಂಟ್ ಮೆತ್ತಿದ್ದಾರೆ, ಅದು ಆಗಲೇ ಬಿರುಕು ಬಿಟ್ಟಿದೆ.

ಸೋರುವುದಾದರೂ ಕಣ್ಣಿಗೆ ಕಾಣುತ್ತದೆ. ನನಗೆ ಹೆಚ್ಚು ಸಿಟ್ಟು ಬಂದದ್ದು ಪೈಪ್ ವಿಷಯಕ್ಕೆ. ಕೊಟೇಶನ್‌ನಲ್ಲಿ ನಿಮ್ಮದೇ ಕೈಬರಹದಲ್ಲಿ "2 ಇಂಚು ಚೌಕ ಪೈಪ್, 2 ಎಂಎಂ ದಪ್ಪ" ಅಂತಿದೆ. ನಿಮ್ಮವರು ಬಿಟ್ಟುಹೋದ ಎರಡಡಿ ತುಂಡೊಂದು ಅಂಗಳದಲ್ಲಿ ಬಿದ್ದಿತ್ತು. ಸುಮ್ನೆ ಅಡಿಕೆ ತೂಗುವ ತಕ್ಕಡಿ ಮೇಲೆ ಇಟ್ಟೆ. 1 ಕೆಜಿ 100 ಗ್ರಾಂ. 2 ಎಂಎಂ ಪೈಪ್ ಆಗಿದ್ದರೆ ಎರಡಡಿಗೆ 1 ಕೆಜಿ 800 ಗ್ರಾಂ ಹತ್ತಿರ ಬರಬೇಕು. ಈ ತೂಕ ಬರುವುದು 1.2 ಎಂಎಂ ಪೈಪಿಗೆ. ಕಂಬ, ಮೇಲಿನ ಅಡ್ಡಪಟ್ಟಿ ಎಲ್ಲ ಇದೇ ಪೈಪಿನವು. ಗಾಳಿಮಳೆಗೆ ಶೀಟು ಎದ್ದರೆ ಕೆಳಗಿರುವುದು ನಮ್ಮ ಕಾರು, ಪಕ್ಕದಲ್ಲಿ ಅಮ್ಮ ಮಲಗುವ ಕೋಣೆ.

ನೆಲದ ಇಳಿಜಾರೂ ತಿರುಗಾಮುರುಗಾ. ಒಂದು ಕೊಡ ನೀರು ಚೆಲ್ಲಿದರೆ ಅಂಗಳಕ್ಕೆ ಹೋಗದೆ ಮನೆ ಗೋಡೆಯ ಬುಡಕ್ಕೆ ಬರುತ್ತದೆ. (ಕಾಂಕ್ರೀಟ್ ಹಾಕಿದ ಮಾರನೇ ದಿನವೇ ನಿಮ್ಮವರು ಹೊರಟುಹೋದರು. ಏಳು ದಿನ ಅದಕ್ಕೆ ನೀರು ಹಾಕಿದ್ದು ಅಮ್ಮ. ಅದನ್ನೂ ಬಿಲ್ಲಿನಲ್ಲಿ ಕಳೆಯಬೇಕು ಅಂತ ಅವರ ವಾದ.)

ಸಿಲಿಕಾನ್ ಹಚ್ಚಿ ಕೊಡುತ್ತೇವೆ ಅಂದಿದ್ದೀರಿ. ಅದು ಬೇಡ. ಸ್ಕ್ರೂಗಳನ್ನು ಉಬ್ಬಿನ ಮೇಲೆ ಹೊಸದಾಗಿ ಹೊಡೆದು, ಹಳೇ ತೂತಿರುವ ಶೀಟುಗಳನ್ನು ಬದಲಿಸಿ. ಗೋಡೆ ಸಂದಿಗೆ ತಗಡಿನ ಪಟ್ಟಿ, ಅಂಚಿಗೆ ನೀರು ಹರಿದುಹೋಗುವ ದೋಣಿ ಹಾಕಿ. ಪೈಪ್ ಕೊಟೇಶನ್‌ನಲ್ಲಿ ಇದ್ದ ಹಾಗೇ 2 ಎಂಎಂ ಆಗಬೇಕು. ನೆಲದ ಕೆಲಸ ಬೇಕಾದರೆ ಮಳೆ ಮುಗಿದ ಮೇಲೆ ಮಾಡಿ, ಆದರೆ ಮಾಡಿಕೊಡುತ್ತೇವೆ ಅಂತ ಈಗಲೇ ಬರೆದುಕೊಡಿ. ಉಳಿದ 40,000 ರೂಪಾಯಿ ಅಲ್ಲಿವರೆಗೆ ನನ್ನ ಹತ್ತಿರವೇ ಇರುತ್ತದೆ.

ಪುನರ್ವಸು ಮಳೆ ಹಿಡಿಯುವ ಮೊದಲು, ಅಂದರೆ ಜುಲೈ 5ರ ಒಳಗೆ ಕೆಲಸ ಶುರುವಾಗಬೇಕು. ಇಲ್ಲದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಕೊಟೇಶನ್, ಹಣ ಕಳಿಸಿದ ರಸೀದಿ, ಫೋಟೋ ಎಲ್ಲ ನನ್ನ ಹತ್ತಿರ ಇವೆ. ಪೈಪ್ ತುಂಡನ್ನೂ ಎತ್ತಿಟ್ಟಿದ್ದೇನೆ.

ಬರುವ ಹಿಂದಿನ ದಿನ ಒಂದು ಫೋನ್ ಮಾಡಿ. ಕಾರು ಹೇಗೂ ಟಾರ್ಪಾಲ್ ಹೊದ್ದುಕೊಂಡು ಅಂಗಳದಲ್ಲೇ ನಿಂತಿದೆ.

ಇಂತಿ,
ನಿಮ್ಮ ಗ್ರಾಹಕಿ