ಪ್ರಾಡಾ ಅಂಗಡಿಯನ್ನು ನೋಡಿ ಬಂದೆ

ಮಿಲಾನ್,
20 ಡಿಸೆಂಬರ್ 2025

ತೀರ್ಥರೂಪ ಅಪ್ಪನವರ ಸನ್ನಿಧಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ಅವ್ವನಿಗೂ ಅಜ್ಜಿಗೂ ಈ ಪತ್ರವನ್ನು ಓದಿ ಹೇಳಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ, ಏಕೆಂದರೆ ಇದರಲ್ಲಿ ಬರೆದಿರುವುದೆಲ್ಲ ನಮ್ಮ ಮನೆಯ ಕೆಲಸಕ್ಕೆ ಸಂಬಂಧಿಸಿದ್ದು.

ಅಥಣಿಯ ಓಣಿಯಲ್ಲೆಲ್ಲ, ನಮ್ಮ ಕೊಲ್ಹಾಪುರಿ ಚಪ್ಪಲಿ ಮಾಡಿಸಲು ಇಟಲಿಯ ಉಡುಪು-ಚೀಲಗಳ ಕಂಪನಿ ಪ್ರಾಡಾದವರು ಮಾಡಿಕೊಂಡ ಒಪ್ಪಂದದ ಮಾತೇ ನಡೆದಿದೆ ಎಂದು ಫೋನಿನಲ್ಲಿ ಹೇಳಿ, "ಅವರು ಎಂಥವರು, ಅವರ ಅಂಗಡಿ ಹೆಂಗದ, ಒಮ್ಮೆ ನೋಡಿ ತಿಳಿಸು" ಎಂದಿದ್ದಿರಿ. ಈ ಶನಿವಾರ ಬೆಳಿಗ್ಗೆ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ ನೋಡಿ ಬಂದೆ. ಕೊಳ್ಳುವವಳಾಗಿ ಹೋಗಲಿಲ್ಲ, ಚಪ್ಪಲಿ ಹೊಲಿಯುವವರ ಮಗಳಾಗಿ ಹೋದೆ.

ಈ ಊರಿನ ದೊಡ್ಡ ಚರ್ಚಿನ ಚೌಕಕ್ಕೂ ಸ್ಕಾಲಾ ನಾಟ್ಯಶಾಲೆಯ ಚೌಕಕ್ಕೂ ನಡುವೆ ಗ್ಯಾಲರಿಯಾ ವಿತ್ತೋರಿಯೊ ಎಮಾನುವೆಲೆ ಎಂಬ ಮುಚ್ಚಿದ ಪೇಟೆಬೀದಿಯಿದೆ. ಕಬ್ಬಿಣ ಮತ್ತು ಗಾಜಿನ ಎತ್ತರದ ಕಮಾನುಗಳು ಬೀದಿಯನ್ನೇ ಹೊದಿಸಿವೆ. ನಡುವೆ ಎಂಟು ಮೂಲೆಯ ಅಂಗಳ, ಅದರ ಮೇಲೆ ಗಾಜಿನ ಗುಮ್ಮಟ. 1865ರಲ್ಲಿ ಕೆಲಸ ಆರಂಭಿಸಿದ ವಾಸ್ತುಶಿಲ್ಪಿ ಜುಸೆಪ್ಪೆ ಮೆಂಗೋನಿ 1877ರ ಡಿಸೆಂಬರ್‌ನಲ್ಲಿ, ಕಟ್ಟಡ ಮುಗಿಯುವ ಹೊತ್ತಿಗೆ, ಅಲ್ಲಿನ ಅಟ್ಟಣಿಗೆಯಿಂದಲೇ ಬಿದ್ದು ತೀರಿಕೊಂಡನಂತೆ. ಕಟ್ಟಡದ ಒಡೆತನ ಇಂದಿಗೂ ನಗರಸಭೆಯದು, ಅಂಗಡಿಗಳೆಲ್ಲ ಬಾಡಿಗೆಯವು. ಯಾವ ಅಂಗಡಿಯೇ ಆಗಲಿ, ಕಪ್ಪು ಫಲಕದ ಮೇಲೆ ಹೊಂಬಣ್ಣದ ಅಕ್ಷರಗಳಲ್ಲೇ ತನ್ನ ಹೆಸರನ್ನು ಬರೆಸಬೇಕು.

ಆ ಅಂಗಳದ ಅಂಚಿನಲ್ಲೇ ಪ್ರಾಡಾ ಇದೆ. 1913ರಲ್ಲಿ ಮಾರಿಯೋ ಪ್ರಾಡಾ ಎಂಬವರು ತಮ್ಮ ಸೋದರನ ಜೊತೆಗೂಡಿ ಇಲ್ಲಿ ತೆರೆದದ್ದು ಬಟ್ಟೆಯ ಅಂಗಡಿಯಲ್ಲ, ತೊಗಲಿನ ಸಾಮಾನಿನ ಅಂಗಡಿ: ಪ್ರಯಾಣದ ಪೆಟ್ಟಿಗೆಗಳು, ಕೈಚೀಲಗಳು ಇಂಥವು. 1919ರಲ್ಲಿ ಇಟಲಿಯ ರಾಜಮನೆತನಕ್ಕೆ ಸಾಮಾನು ಒದಗಿಸುವ ಅಧಿಕಾರ ಸಿಕ್ಕಿತು. ಆ ಮನೆತನದ ಲಾಂಛನವೂ ಗಂಟು ಹಾಕಿದ ಹಗ್ಗವೂ ಇಂದಿಗೂ ಇವರ ಗುರುತಿನಲ್ಲಿ ಉಳಿದಿವೆ. ಹೆಂಗಸರಿಗೆ ವ್ಯಾಪಾರ ಸಲ್ಲದು ಎಂಬುದು ಮಾರಿಯೋ ಅವರ ನಿಲುವಾಗಿತ್ತು. ಆದರೆ ಅವರ ನಂತರ ಅಂಗಡಿಯನ್ನು ನಡೆಸಿದವಳು ಮಗಳು ಲುಯಿಸಾ, ಅದನ್ನು ಜಗತ್ತಿಗೆಲ್ಲ ಪರಿಚಯಿಸಿದವಳು 1978ರಲ್ಲಿ ಹೊಣೆ ಹೊತ್ತ ಮೊಮ್ಮಗಳು ಮಿಯೂಚಾ. ಈ ಭಾಗವನ್ನು ಅವ್ವನಿಗೆ ನಿಧಾನವಾಗಿ ಓದಿ ಹೇಳಿರಿ.

ಬಾಗಿಲಲ್ಲಿ ನಿಂತವನು ನಮ್ಮನ್ನೂ ಉಳಿದವರಂತೆಯೇ ನಮಸ್ಕರಿಸಿ ಒಳಗೆ ಬಿಟ್ಟನು. ನೆಲಕ್ಕೆ ಕಪ್ಪು ಬಿಳಿ ಅಮೃತಶಿಲೆಯ ಚೌಕಳಿ, ಗೋಡೆಗೆ ಹೊಂದಿಸಿದ ಹಳೆಯ ಮರದ ಕಪಾಟುಗಳು, ಕೆಳ ಅಂತಸ್ತಿಗೆ ಇಳಿಯುವ ಮೆಟ್ಟಿಲುಗಳು. ಸಾಮಾನು ಕಡಿಮೆ, ಜಾಗ ಹೆಚ್ಚು. ಒಂದು ಚೀಲದ ಸುತ್ತ ಇಷ್ಟು ಬಯಲನ್ನು ಬಿಟ್ಟಾಗ ನೋಡುವವರ ಕಣ್ಣು ಬೇರೆಲ್ಲೂ ಹೋಗುವುದಿಲ್ಲ. ನಮ್ಮ ಅಂಗಡಿಯಲ್ಲಿ ಜೋಡಿಗಳನ್ನು ಗೊಂಚಲು ಗೊಂಚಲಾಗಿ ತೂಗುಹಾಕುತ್ತೇವೆ, ಯಾವುದನ್ನೂ ಯಾರೂ ಹೀಗೆ ನಿಂತು ನೋಡುವುದಿಲ್ಲ.

ನಾನು ತೊಗಲಿನ ಬಗ್ಗೆ ಕೇಳತೊಡಗಿದಾಗ ಅಲ್ಲಿದ್ದ ಹೆಣ್ಣುಮಗಳು ತಾಳ್ಮೆಯಿಂದ ಒಂದು ಕೈಚೀಲವನ್ನು ತೆಗೆದು ತೋರಿಸಿದಳು. ಅದರ ತೊಗಲಿಗೆ ಸಫ್ಯಾನೋ ಎಂದು ಹೆಸರು. ಕರುವಿನ ತೊಗಲಿನ ಮೇಲೆ ಅಡ್ಡಡ್ಡ ಓರೆಗೆರೆಗಳ ಅಚ್ಚನ್ನು ಒತ್ತಿ, ಮೇಣದ ಲೇಪ ಕೊಟ್ಟು ಸಿದ್ಧಪಡಿಸುತ್ತಾರೆ. ಗೀರು ಕಾಣುವುದಿಲ್ಲ, ನೀರು ಬೇಗ ಇಳಿಯುವುದಿಲ್ಲ. ಈ ಬಗೆಯನ್ನು ರೂಢಿಗೆ ತಂದವರೂ ಮಾರಿಯೋ ಪ್ರಾಡಾ ಅವರೇ. ಅದರ ಅಂಚಿನ ಮೇಲೆ ಬೆರಳಾಡಿಸಿದೆ. ಹೊಲಿಗೆಯ ಪ್ರತಿಯೊಂದು ಹೆಜ್ಜೆಯೂ ಸಮ, ಅಂಚಿನ ಬಣ್ಣ ಎಲ್ಲೂ ಬಿರಿದಿಲ್ಲ. ಅಚ್ಚುಕಟ್ಟಾದ ಕೆಲಸವೆಂದು ಮನಸಾರೆ ಒಪ್ಪುತ್ತೇನೆ. ಆದರೆ ಅಪ್ಪಾ, ಜಾಲಿ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದ ಮಾಡಿದ ಎಮ್ಮೆಯ ತೊಗಲನ್ನು ಪದರ ಪದರವಾಗಿ ಜೋಡಿಸಿ, ಒಂದು ಮೊಳೆಯನ್ನೂ ಹೊಡೆಯದೆ ಚರ್ಮದ ದಾರದಿಂದಲೇ ನೀವು ಹೊಲಿಯುವ ಅಟ್ಟೆ, ಅದರ ಮೇಲೆ ಅವ್ವ ಆಡಿನ ತೊಗಲನ್ನು ಎಳೆಯಾಗಿ ಸೀಳಿ ಹೆಣೆಯುವ ವೇಣಿ, ಇವು ಕೌಶಲದಲ್ಲಿ ಆ ಚೀಲಕ್ಕಿಂತ ಕಡಿಮೆಯಲ್ಲ. ಆ ಚೀಲದ ಬೆಲೆ ಮೂರು ಸಾವಿರ ಯೂರೋ ದಾಟುತ್ತದೆ, ಎಂದರೆ ಮೂರು ಲಕ್ಷ ರೂಪಾಯಿಗೂ ಹೆಚ್ಚು. ನಿಮ್ಮ ಒಳ್ಳೆಯ ಜೋಡಿಗೆ ಪೇಟೆಯಲ್ಲಿ ಸಾವಿರ ರೂಪಾಯಿ ಹುಟ್ಟುವುದೂ ಕಷ್ಟ.

ಇಟಲಿಯಲ್ಲೂ ಗಿಡಮರಗಳ ರಸದಿಂದ ಹದ ಮಾಡುವ ಪದ್ಧತಿ ಸತ್ತಿಲ್ಲ. ತಸ್ಕನಿಯ ಸಾಂತಾ ಕ್ರೋಚೆ ಎಂಬ ಊರಿನ ಸುತ್ತಮುತ್ತ ಈ ಕಸುಬಿನವರು ಕೂಟ ಕಟ್ಟಿಕೊಂಡು, ತಮ್ಮ ತೊಗಲಿಗೆ ತಮ್ಮದೇ ಗುರುತು ಕೊಟ್ಟು ಮಾರುತ್ತಾರೆ. ಅವರು ಬಳಸುವ ಮಿಮೋಸಾ ನಮ್ಮ ಜಾಲಿಯ ಬಳಗಕ್ಕೇ ಸೇರಿದ ಮರದ ತೊಗಟೆ ಎಂದು ಕಾಲೇಜಿನಲ್ಲಿ ತಿಳಿದಾಗ ನನಗಾದ ಸಂತೋಷವನ್ನು ನಿಮ್ಮೊಡನೆ ಹಂಚಿಕೊಳ್ಳಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಕಳೆದ ಜೂನ್‌ನಲ್ಲಿ ಇದೇ ಊರಿನಲ್ಲಿ ಪ್ರಾಡಾದವರು ಗಂಡಸರ ಉಡುಪಿನ ಪ್ರದರ್ಶನ ನಡೆಸಿದಾಗ, ಕೊಲ್ಹಾಪುರಿಯನ್ನೇ ಹೋಲುವ ಪಾದರಕ್ಷೆಗಳನ್ನು ಬರೀ "ತೊಗಲಿನ ಚಪ್ಪಲಿ" ಎಂದು ಕರೆದು ಮೆರೆಸಿದ್ದು ನಿಮಗೆ ಗೊತ್ತೇ ಇದೆ. ಭಾರತದಲ್ಲಿ ಕೂಗೆದ್ದ ಮೇಲೆ, ಅವುಗಳ ಪ್ರೇರಣೆ ನಮ್ಮ ಕಡೆಯ ಕೈಕಸುಬೇ ಎಂದು ಅವರು ಮಹಾರಾಷ್ಟ್ರದ ವಾಣಿಜ್ಯ ಮಂಡಳಿಗೆ ಪತ್ರ ಬರೆದು ಒಪ್ಪಿಕೊಂಡರು. ಈಗ, ಇದೇ ತಿಂಗಳು, ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ನಮ್ಮ ಲಿಡ್ಕರ್ ಎಂಬ ಸರ್ಕಾರಿ ಚರ್ಮೋದ್ಯಮ ನಿಗಮಗಳೊಡನೆ ಮುಂಬಯಿಯಲ್ಲಿ ಒಪ್ಪಂದ ಮಾಡಿಕೊಂಡಿದ್ದಾರೆ. ಎರಡೂ ರಾಜ್ಯಗಳ ಕುಶಲಕರ್ಮಿಗಳ ಕೈಯಲ್ಲಿ 2,000 ಜೋಡಿ ಮಾಡಿಸಿ, ಜೋಡಿಗೆ ಸುಮಾರು 800 ಯೂರೋದಂತೆ, 2026ರ ಫೆಬ್ರವರಿಯಿಂದ ಜಗತ್ತಿನ 40 ಅಂಗಡಿಗಳಲ್ಲಿ ಮಾರುವುದು ಅವರ ಯೋಜನೆ. ಕಸುಬಿನವರಿಗೆ ತರಬೇತಿ ಕೊಡುವ ಮಾತೂ ಇದೆ. ಹೀಗಾಗಿ ನಾನು ನಿಂತಿದ್ದ ಕಪಾಟುಗಳಂಥ ಕಪಾಟಿನಲ್ಲೇ ನಮ್ಮ ಜಿಲ್ಲೆಯ ಕೈಕೆಲಸ ಬಂದು ಕೂಡಬಹುದು.

ಅದನ್ನು ನೆನೆದು ನನಗೆ ಹೆಮ್ಮೆಯಾಯಿತು. ಅದರ ಜೊತೆಗೇ ಒಂದು ಚಿಂತೆಯೂ ಹತ್ತಿತು. ಈ ಅಂಗಡಿಯವರು 112 ವರ್ಷ ಕಾಪಾಡಿಕೊಂಡು ಬಂದದ್ದು ತೊಗಲಿಗಿಂತ ಮಿಗಿಲಾಗಿ ತಮ್ಮ ಹೆಸರನ್ನು. ಚೀಲದ ಹೊರಗೆ, ಒಳಗೆ, ಬೀಗದ ಮೇಲೆ, ಕಟ್ಟಿಕೊಡುವ ಡಬ್ಬಿಯ ಮೇಲೆ ಎಲ್ಲೆಲ್ಲೂ ಮನೆತನದ ಹೆಸರಿದೆ. ನಮ್ಮ ಚಪ್ಪಲಿಯ ಮೇಲೆ ಮಾಡಿದವರ ಹೆಸರೂ ಇಲ್ಲ, ಮಾಡಿದ ಊರಿನ ಹೆಸರೂ ಇಲ್ಲ. ಅದು ಮಾರಾಟವಾದ ಪೇಟೆಯ ಹೆಸರಿನಿಂದ ಲೋಕಕ್ಕೆಲ್ಲ ಪರಿಚಿತವಾಗಿದೆ. 2019ರಲ್ಲಿ ಭೌಗೋಳಿಕ ಗುರುತು, ಎಂದರೆ ಇಂಥ ಪ್ರದೇಶದ ವಸ್ತುವೆಂಬ ಸರ್ಕಾರದ ಮಾನ್ಯತೆ, ಸಿಕ್ಕಾಗ ಅದರಲ್ಲಿ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸರಿಸಮವಾಗಿ ಸೇರಿದವು. ಆದರೂ ಜೂನ್‌ನ ಗದ್ದಲದಲ್ಲಿ ಇಲ್ಲಿನ ಪತ್ರಿಕೆಗಳನ್ನು ನಾನು ಹುಡುಕಿ ಓದಿದಾಗ ಅಥಣಿಯ ಹೆಸರು ಎಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಕೊಲ್ಹಾಪುರದವರ ಮೇಲೆ ನನಗೆ ಕೋಪವಿಲ್ಲ, ಅವರೂ ನಮ್ಮಂತೆಯೇ ದುಡಿಯುವವರು. ಆದರೆ ನಮ್ಮ ಜಗುಲಿಯ ಮೇಲೆ ಪೂಜೆಗೊಳ್ಳುವ ಹರಳಯ್ಯನವರ ಕಥೆಯನ್ನು ನೆನೆಯಿರಿ: ಬಸವಣ್ಣನವರು ತಲೆಯ ಮೇಲೆ ಹೊತ್ತದ್ದು ಚಪ್ಪಲಿಯಾದರೂ, ಎಂಟು ನೂರು ವರ್ಷಗಳಿಂದ ಜನ ಅದನ್ನು ಮಾಡಿದವರ ಹೆಸರನ್ನೇ ಹೇಳುತ್ತ ಬಂದಿದ್ದಾರೆ. ನಮ್ಮ ಕಸುಬಿಗೆ ಅಂಥ ಮರ್ಯಾದೆ ಹೊಸದೇನಲ್ಲ.

ಆದ್ದರಿಂದ ನಿಗಮದವರು ಓಣಿಗೆ ಬಂದಾಗ ನೀವು ಹಿರಿಯರೆಲ್ಲ ಕೂಡಿ ಒಂದೇ ಮಾತಿನಲ್ಲಿ ಕೇಳಬೇಕು. ಡಬ್ಬಿಯಲ್ಲಿ ಇಡುವ ಚೀಟಿಯ ಮೇಲೆ ಮಾಡಿದ ಊರಿನ ಹೆಸರು ಇರಲಿ. ಸಾಧ್ಯವಾದರೆ ಮಾಡಿದ ಮನೆಯ ಗುರುತೂ ಇರಲಿ. 800 ಯೂರೋದಲ್ಲಿ ಮಾಡಿದ ಕೈಗೆ ಎಷ್ಟು ಬರುತ್ತದೆ ಎಂಬುದನ್ನು ಜೋಡಿಯ ಲೆಕ್ಕದಲ್ಲಿ ಕಾಗದದ ಮೇಲೆ ಬರೆದುಕೊಡಲಿ. ವೇಣಿ ಹೆಣೆಯುವವರು ನಮ್ಮಲ್ಲಿ ಹೆಂಗಸರೇ. ಅವರ ಕೂಲಿಯನ್ನು ಗಂಡಂದಿರ ಲೆಕ್ಕದಲ್ಲಿ ಸೇರಿಸದೆ ಅವರವರ ಹೆಸರಿನಲ್ಲೇ ಬರೆದು, ಅವರವರ ಬ್ಯಾಂಕ್ ಖಾತೆಗೇ ಹಾಕಬೇಕು. ಈ ವಿಷಯದಲ್ಲಿ ಅವ್ವ ಸಂಕೋಚಪಟ್ಟು ಹಿಂದೆ ಸರಿಯಬಾರದು. ಬೇಗ ಮುಗಿಸುವ ಅವಸರಕ್ಕೆ ರಾಸಾಯನಿಕದಲ್ಲಿ ಹದ ಮಾಡಿದ ತೊಗಲನ್ನು ಯಾರಾದರೂ ತಂದುಕೊಟ್ಟರೆ ದಯವಿಟ್ಟು ಒಪ್ಪಬೇಡಿರಿ. ಜಾಲಿ ತೊಗಟೆಯ ಬಣ್ಣ, ವಾಸನೆ ಬಲ್ಲವರು ಈ ಊರಿನಲ್ಲೂ ಇದ್ದಾರೆ.

ತರಬೇತಿಗೆ ಅರ್ಜಿ ಕರೆದರೆ ತಮ್ಮನ ಹೆಸರನ್ನು ಕೊಡಿರಿ. ಅವನು ಹತ್ತನೆಯ ತರಗತಿಯ ಅಂಕಪಟ್ಟಿಯನ್ನೂ ಕುಶಲಕರ್ಮಿಯ ಗುರುತಿನ ಚೀಟಿಯನ್ನೂ ಈಗಲೇ ತೆಗೆದಿಟ್ಟುಕೊಳ್ಳಲಿ. ಕರಾರಿನ ಕಾಗದ ಇಂಗ್ಲಿಷ್‌ನಲ್ಲಿದ್ದರೆ ಸಹಿ ಮಾಡುವ ಮುನ್ನ ಅದರ ಚಿತ್ರವನ್ನು ನನಗೆ ಕಳಿಸಿಕೊಡಿರಿ. ಸಾಲು ಸಾಲಾಗಿ ಕನ್ನಡದಲ್ಲಿ ಬರೆದು ಅದೇ ದಿನ ಮರಳಿ ಕಳಿಸುತ್ತೇನೆ.

ಹಿರಿಯರಿಗೆಲ್ಲ ನಮಸ್ಕಾರಗಳು, ಕಿರಿಯರಿಗೆ ಆಶೀರ್ವಾದಗಳು.

ಇತಿ ನಿಮ್ಮ ಮಗಳು