ಅಂಕ ಕೂಡುವ ಮೊದಲು ಮಗುವನ್ನು ಕೇಳಿ

ಮಾನ್ಯ ಸಂಪಾದಕರೇ,

ಕಾಮಾಕ್ಷಿಪಾಳ್ಯದಲ್ಲಿ ನನ್ನದೊಂದು ಸೈಬರ್ ಸೆಂಟರ್ ಇದೆ. ಎಂಜಿನಿಯರಿಂಗ್ ಸೀಟಿಗೆ ಸಿಇಟಿ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಆನ್‌ಲೈನ್‌ನಲ್ಲಿ ತುಂಬುವುದು, ಶುರುವಾದರೆ ಸಾಕು, ಅಪ್ಪ ಅಮ್ಮಂದಿರು ಮಕ್ಕಳನ್ನು ಕರ್ಕೊಂಡು ಬಂದು ಕೂರುತ್ತಾರೆ. ಈಚೆಗೆ ಬಹಳ ಜನರ ಕೈಯಲ್ಲಿ ಎಕ್ಸೆಲ್ ಪಟ್ಟಿ ಇರುತ್ತದೆ. ಬ್ರ್ಯಾಂಚ್, ಪ್ಲೇಸ್‌ಮೆಂಟ್, ಫೀಸು, ದೂರ ಎಂದು ಕಾಲಂ ಮಾಡಿ, ಒಂದೊಂದಕ್ಕೂ ಅಂಕ ಕೊಟ್ಟು ಕೂಡಿರುತ್ತಾರೆ. ಜಾಸ್ತಿ ಅಂಕ ಬಂದ ಕಾಲೇಜೇ ಒಂದನೇ ಆಪ್ಷನ್. ಈ ಲೆಕ್ಕ ನೋಡಿದರೆ ನನಗೆ ಹೆದರಿಕೆಯಾಗುತ್ತದೆ.

ಹೋದ ವರ್ಷ ಆಟೊ ಓಡಿಸುವ ಒಬ್ಬರು ಮಗಳ ಜತೆ ಬಂದಿದ್ದರು. ಅವರ ಪಟ್ಟಿಯಲ್ಲಿ ಪ್ಲೇಸ್‌ಮೆಂಟ್‌ಗೆ 40, ಬ್ರ್ಯಾಂಚ್‌ಗೆ 30, ಫೀಸಿಗೆ 15, ದೂರಕ್ಕೆ 15. ಮೊದಲು ಬಂದದ್ದು ಸರ್ಜಾಪುರ ರಸ್ತೆ ಕಡೆಯ ಒಂದು ಕಾಲೇಜು. ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸಿ, ಆ ಟ್ರಾಫಿಕ್‌ನಲ್ಲಿ ಊರಿನ ಇನ್ನೊಂದು ತುದಿಗೆ ಹೋಗಬೇಕು. ದಿನಾ, ನಾಲ್ಕು ವರ್ಷ! ದೂರಕ್ಕೆ ಸಿಕ್ಕಿದ್ದು ಬರೀ 2 ಅಂಕ. ಪ್ಲೇಸ್‌ಮೆಂಟ್ ಅಂಕ ಅದನ್ನು ಮುಚ್ಚಿಹಾಕಿತ್ತು. ಈ 40, 15 ಎಲ್ಲ ಯಾರು ಹಾಕಿದ್ದು ಅಂತ ಕೇಳಿದೆ. 'ನಮ್ಮ ಅಣ್ಣನ ಮಗ ಸರ್' ಅಂದರು. ದೂರಕ್ಕೆ 30, ಪ್ಲೇಸ್‌ಮೆಂಟ್‌ಗೆ 25 ಮಾಡಿ ನೋಡಿದೆವು. ಅದೇ ಕಾಲೇಜು ಐದನೇ ಜಾಗಕ್ಕೆ ಇಳಿಯಿತು. ಆಗಲೇ ಹುಡುಗಿ ಬಾಯಿಬಿಟ್ಟಿದ್ದು: 'ಅಪ್ಪಾ, ಅಷ್ಟು ದೂರ ನನ್ನ ಕೈಲಾಗಲ್ಲ.'

ಇನ್ನು ಕೆಲವರು ಕಟ್ ಆಫ್ (ಹಿಂದೆ ಆ ಕಾಲೇಜಲ್ಲಿ ಸೀಟು ಸಿಕ್ಕ ಕೊನೆಯ ರ‍್ಯಾಂಕು), ರೇಟಿಂಗ್, ಪ್ಲೇಸ್‌ಮೆಂಟ್ ಮೂರಕ್ಕೂ ಬೇರೆ ಬೇರೆ ಅಂಕ ಹಾಕುತ್ತಾರೆ. ಹೆಸರಿರುವ ಕಾಲೇಜಿಗೇ ಒಳ್ಳೆ ರ‍್ಯಾಂಕಿನವರು ಹೋಗುತ್ತಾರೆ, ಕಂಪನಿಗಳೂ ಅಲ್ಲಿಗೇ ಬರುತ್ತವೆ. ಒಂದನ್ನೇ ಮೂರು ಸಲ ಎಣಿಸಿದ ಹಾಗಾಯಿತು ಅಲ್ವಾ?

ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಂಪ್ಯೂಟರ್‌ಗೆ ನಮ್ಮ ಕಾರಣಗಳು ಗೊತ್ತಾಗುವುದಿಲ್ಲ. ರ‍್ಯಾಂಕು, ಮೀಸಲಾತಿ ನೋಡಿ, ನಾವು ಕೊಟ್ಟ ಪಟ್ಟಿಯಲ್ಲಿ ಮೇಲಿನಿಂದ ಕೆಳಗೆ ಬರುತ್ತಾ ಮೊದಲು ಸಿಗುವ ಸೀಟನ್ನು ಕೊಡುತ್ತದೆ. ಆಸೆಯ ಕಾಲೇಜನ್ನು ಮೇಲೆ ಹಾಕಿದರೆ ನಷ್ಟವೇನಿಲ್ಲ. ಹೋಗಲಾಗದ ಕಾಲೇಜನ್ನು 'ಇರಲಿ' ಅಂತ ಸುಮ್ನೆ ಸೇರಿಸಿದರೆ ಅದೇ ಬಂದು ಕೂರಬಹುದು.

ಆದ್ದರಿಂದ ಪೋಷಕರಲ್ಲಿ ನನ್ನ ವಿನಂತಿ. ಕಟ್ಟಲಾಗದ ಫೀಸು, ಓಡಾಡಲಾಗದ ದೂರ ಇರುವ ಕಾಲೇಜನ್ನು ಮೊದಲೇ ಪಟ್ಟಿಯಿಂದ ತೆಗೆದುಬಿಡಿ, ಬೇರೆ ಅಂಕ ಎಷ್ಟೇ ಇರಲಿ. ಉಳಿದವನ್ನು ಎರಡೆರಡಾಗಿ ಮುಂದಿಟ್ಟು ಮಗುವನ್ನೇ ಕೇಳಿ: ಎರಡೂ ಸಿಕ್ಕರೆ ಯಾವುದಕ್ಕೆ ಹೋಗ್ತೀಯ? ಮಾಕ್ ಅಲಾಟ್‌ಮೆಂಟ್ (ಯಾವ ಸೀಟು ಸಿಗಬಹುದು ಅಂತ ತೋರಿಸುವ ಅಣಕು ಹಂಚಿಕೆ) ಆದ ಮೇಲೂ ಕ್ರಮ ಬದಲಿಸಲು ಅವಕಾಶ ಇರುತ್ತದೆ, ಅದನ್ನು ಬಳಸಿಕೊಳ್ಳಿ. ಪಿಯು ಕಾಲೇಜುಗಳು ಫಲಿತಾಂಶ ಬಂದ ಮೇಲೆ ಪೋಷಕರನ್ನು ಕರೆಸಿ, ಅರ್ಧ ದಿನ ಕೂರಿಸಿ ಇದನ್ನೆಲ್ಲ ಹೇಳಿಕೊಡಬೇಕು.

- ಸೈಬರ್ ಸೆಂಟರ್ ಮಾಲೀಕ, ಕಾಮಾಕ್ಷಿಪಾಳ್ಯ, ಬೆಂಗಳೂರು